ಪುಟ್ಟಿ, ಆ ಕಾಲನ್ನು ನೆಲಕ್ಕೆ ಊರು

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ಬಂತು. ಬಿದ್ದು ತೊಡೆ ಮೂಳೆ ಮುರಿದದ್ದು, ಆಪರೇಷನ್ನು, ಯಾರ್ಯಾರು ಬಂದು ನೋಡಿಕೊಂಡು ಹೋದರು ಅನ್ನೋದನ್ನೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿದ್ದಳು. ಅದೆಲ್ಲ ಬಿಡು. ನನ್ನ ನಿದ್ದೆ ಕೆಡಿಸಿದ್ದು ನೀನು ಕೊನೆಯಲ್ಲಿ ಬರೆದ ಮಾತು. "ಮೂಳೆ ಕೂಡಿದೆ, ಪೂರ್ತಿ ಭಾರ ಹಾಕಿ ನಡಿ ಅಂತಾರೆ ಡಾಕ್ಟರು. ನನಗೆ ಮಾತ್ರ ಅದು ಒಡೆದ ಪಿಂಗಾಣಿ ಬಟ್ಟಲನ್ನು ಅಂಟು ಹಾಕಿ ಜೋಡಿಸಿದ ಹಾಗೆ ಅನ್ನಿಸುತ್ತೆ. ಅಜ್ಜಿಯ ಕಾಲಿನ ಹಾಗೆ ಇದೂ ಇನ್ನು ನಂದಲ್ಲ ದೊಡ್ಡಮ್ಮ." ಇದನ್ನು ಓದಿ ಪತ್ರ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ಈ ಒಂದು ಮಾತಿಗೆ ಉತ್ತರ ಬರೆಯದೆ ಇರಲಾಗಲಿಲ್ಲ.

ಈ ಹೆದರಿಕೆ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ನಾವೆಲ್ಲ ಮೂಳೆಯನ್ನು ನೋಡಿರುವುದೇ ಸತ್ತ ಮೇಲೆ. ಅಂಗರಚನೆ ಪಾಠ ಮಾಡುತ್ತಿದ್ದ ನನ್ನ ಕೈಯಲ್ಲೂ ವರ್ಷಾನುಗಟ್ಟಲೆ ಇದ್ದದ್ದು ಒಣ ಮೂಳೆಗಳೇ ಅಲ್ವಾ? ಮೊದಲ ವರ್ಷದ ಮಕ್ಕಳು ತೊಡೆ ಮೂಳೆಯನ್ನು ಕೈಗೆ ತೆಗೆದುಕೊಂಡು ಇಷ್ಟು ಹಗುರವಾ ಅಂತ ಆಶ್ಚರ್ಯಪಡುತ್ತಿದ್ದರು. ನಾನು ಪಾಠ ಶುರು ಮಾಡದೆ, ಅದರ ಹಿಂಬದಿಗೆ ಬೆರಳಾಡಿಸಿ ನೋಡಿ ಅನ್ನುತ್ತಿದ್ದೆ. ಅಲ್ಲಿ ಉದ್ದಕ್ಕೆ ಒಂದು ಒರಟು ಏಣು ಇದೆ. ತೊಡೆಯ ದೊಡ್ಡ ಸ್ನಾಯುಗಳು ಹಿಡಿದುಕೊಳ್ಳೋದು ಅಲ್ಲೇ. ಆ ಏಣಿನ ಪಕ್ಕದಲ್ಲಿ ಹುಡುಕಿದರೆ ಸಣ್ಣದೊಂದು ತೂತು ಸಿಗುತ್ತೆ. ಸೂಜಿ ತೂರಿಸಿದರೆ ಅದು ನೇರವಾಗಿ ಒಳಗೆ ಹೋಗದೆ ಓರೆಯಾಗಿ ಮೇಲಕ್ಕೆ, ಸೊಂಟದ ಕಡೆಗೆ ಹೋಗುತ್ತೆ. ಬದುಕಿದ್ದಾಗ ಆ ತೂತಿನ ಮೂಲಕ ರಕ್ತನಾಳ ಒಳಗೆ ಹೋಗುತ್ತಿತ್ತು. ಇದನ್ನು ಕಂಡ ಮಕ್ಕಳು ಮೂಳೆಯನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತಿತ್ತು.

ನಿನ್ನ ತೊಡೆಯಲ್ಲಿರೋದು ಆ ಒಣ ವಸ್ತು ಅಲ್ಲ ಪುಟ್ಟಿ. ಅದು ಒದ್ದೆಯಾಗಿದೆ, ರಕ್ತ ಹರಿಯುತ್ತಿದೆ, ಮೇಲೆ ತೆಳು ಪೊರೆ ಇದೆ. ಬಿದ್ದ ದಿನ ನೀನು ಕಿರುಚಿಕೊಂಡದ್ದಕ್ಕೆ ಆ ಪೊರೆಯ ನರಗಳೂ ಒಂದು ಕಾರಣ. ಹೊರಗೋಡೆ ಗಟ್ಟಿ. ತುದಿಗಳ ಒಳಗೆ ಜಾಲರಿಯಂಥ ಮೂಳೆ. ನಡುವಿನ ಪೊಳ್ಳಿನಲ್ಲಿ ಮಜ್ಜೆ. ಮೂಳೆಯನ್ನು ಆಮ್ಲದಲ್ಲಿ ನೆನೆಸಿಟ್ಟರೆ ಕ್ಯಾಲ್ಷಿಯಂ ಕರಗಿ ಹೋಗಿ ಕೊಲಾಜನ್ ನಾರು ಮಾತ್ರ ಉಳಿಯುತ್ತೆ. ಆಗ ತೆಳ್ಳಗಿನ ಮೂಳೆಯನ್ನು ಗಂಟು ಹಾಕಬಹುದು. ಸುಟ್ಟರೆ ನಾರು ಹೋಗಿ ಖನಿಜ ಉಳಿಯುತ್ತೆ, ಮುಟ್ಟಿದರೆ ಪುಡಿಯಾಗುತ್ತೆ. ಪಿಂಗಾಣಿಯಲ್ಲಿ ಈ ನಾರು ಇಲ್ಲ. ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುವ ಜೀವಕೋಶಗಳೂ ಇಲ್ಲ. ನಿನ್ನ ಮೂಳೆಯಲ್ಲಿ ಎರಡೂ ಇವೆ. ದೊಡ್ಡವರ ಅಸ್ಥಿಪಂಜರದಲ್ಲಿ ಪ್ರತಿ ವರ್ಷ ಸುಮಾರು 10 ಶೇಕಡಾ ಮೂಳೆ ಹೊಸದಾಗುತ್ತೆ. ಮುರಿಯದವರ ಮೂಳೆಯೂ ಅಷ್ಟೇ, ಸದಾ ರಿಪೇರಿಯಲ್ಲೇ ಇರುತ್ತೆ.

ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಗಂಟಿನ ಹಾಗೆ ಕಾಣುತ್ತೆ, ಅದನ್ನು ನೋಡಿದರೇ ಭಯ ಅಂತ ಬರೆದಿದ್ದೀಯ. ನಾನಾಗಿದ್ದರೆ ಆ ಗಂಟು ನೋಡಿ ಖುಷಿಪಡುತ್ತಿದ್ದೆ. ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಕೆಲವು ವಾರಗಳಲ್ಲಿ ಮೆತ್ತನೆಯ ಸೇತುವೆ ಬೆಳೆಯುತ್ತೆ. ಆಮೇಲೆ ಅದರಲ್ಲಿ ಕ್ಯಾಲ್ಷಿಯಂ ಕೂತು ಗಟ್ಟಿಯಾಗುತ್ತೆ. ಮೊದಲಿದ್ದಕ್ಕಿಂತ ದಪ್ಪಗೇ ಕಟ್ಟಿಕೊಳ್ಳುತ್ತೆ ಮೂಳೆ. ಬೇಡದ್ದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಸವರಿ ತೆಗೆಯುತ್ತೆ. ಚರ್ಮ ಆಳವಾಗಿ ಕತ್ತರಿಸಿದರೆ ಕಲೆ ಉಳಿಯುತ್ತೆ. ಸರಿಯಾಗಿ ಕೂಡಿದ ಮೂಳೆಯಲ್ಲಿ ಕೊನೆಗೆ ಉಳಿಯೋದು ಮೂಳೆಯೇ. ಅಂಟಲ್ಲ ಪುಟ್ಟಿ. ನಿನ್ನದೇ ಮೂಳೆ.

ನಮ್ಮ ಸಂಗ್ರಹದಲ್ಲಿ ಅಂಥದ್ದೊಂದು ತೊಡೆ ಮೂಳೆ ಇತ್ತು. ನಡುವೆ ಕಂಡೂ ಕಾಣದಂಥ ಉಬ್ಬು. ಬೆರಳಿಗೆ ಸಿಗುತ್ತಿತ್ತು, ಅಷ್ಟೇ. ಮಂಡಿಯ ಕಡೆಯ ತುದಿ ನೋಡಿದರೆ ಆ ಮನುಷ್ಯ ಮುರಿದ ಮೇಲೂ ತುಂಬಾ ವರ್ಷ ನಡೆದದ್ದು ತಿಳಿಯುತ್ತಿತ್ತು. ಕೀಲಿನ ಅಂಚು ಅಷ್ಟು ಸವೆದಿತ್ತು. ಆ ಮೂಳೆ ನನಗೆ ತುಂಬಾ ಇಷ್ಟ. ಯಾರು, ಎತ್ತ ಅಂತ ಗೊತ್ತಿಲ್ಲದಿದ್ದರೂ ಅವರ ಮೇಲೆ ಏನೋ ಗೌರವ.

ಈಗ ಅಜ್ಜಿಯ ವಿಷಯ. ನೀನು ಆಗ ಚಿಕ್ಕವಳು. ಅಜ್ಜಿ ಹಾಸಿಗೆಯಿಂದ ಏಳಲಿಲ್ಲ ಅನ್ನೋದಷ್ಟೇ ನಿನ್ನ ಮನಸ್ಸಿನಲ್ಲಿ ಉಳಿದಿದೆ. ಅವರದ್ದೂ ತೊಡೆ ಮೂಳೆ, ನಿಂದೂ ತೊಡೆ ಮೂಳೆ. ಆದರೆ ಮುರಿದ ಜಾಗ ಬೇರೆ. ಈ ಮೂಳೆಯ ಮೇಲ್ತುದಿಯಲ್ಲಿ ಗುಂಡಗಿನ ತಲೆ ಇದೆ, ಅದು ಸೊಂಟದ ಗುಳಿಯೊಳಗೆ ಕೂರುತ್ತೆ. ತಲೆಯನ್ನು ಉಳಿದ ಮೂಳೆಗೆ ಸೇರಿಸೋದು ಓರೆಯಾದ ಕತ್ತು. ತಲೆಗೆ ಹೋಗುವ ರಕ್ತದಲ್ಲಿ ಹೆಚ್ಚಿನದು ಈ ಕತ್ತನ್ನು ತಬ್ಬಿಕೊಂಡೇ ಮೇಲೇರಬೇಕು. ಕತ್ತು ಮುರಿದು ಜರುಗಿದರೆ ಆ ನಾಳಗಳೂ ಹರಿಯುತ್ತವೆ. ಮೂಳೆ ತುಂಡಾಗಿ, ಅನ್ನವೂ ನಿಂತ ಹಾಗೆ. ಅಮ್ಮನಿಗೆ ಆದದ್ದು ಅದು. ವಯಸ್ಸಿಗೆ ಒಳಗಿನ ಜಾಲರಿಯೂ ತೆಳ್ಳಗಾಗಿತ್ತು. ನಿನ್ನದು ಮುರಿದದ್ದು ನಡುವಿನ ಕಾಂಡದಲ್ಲಿ. ಸುತ್ತ ದಪ್ಪ ಸ್ನಾಯು, ಧಾರಾಳ ರಕ್ತ. ನಿನ್ನ ವಯಸ್ಸೂ ಮೂಳೆ ತುಂಬಿಕೊಳ್ಳುವ ವಯಸ್ಸು. ಹೋಲಿಸಬೇಡ ಮಗಳೇ.

ಅಮ್ಮನ ಬಗ್ಗೆ ಬರೆಯುವಾಗ ಕೈ ತಡೆಯುತ್ತೆ. ಈ ವಯಸ್ಸಿಗೆ ಆಪರೇಷನ್ ಯಾಕೆ, ಮಲಗಿರಲಿ ಅಂದರು ನೋಡಿದವರು. ಮಲಗಿದರು. ಹಾಗೆ ಮಲಗಿದವರಲ್ಲಿ ಮೂಳೆಗಿಂತ ಮೊದಲು ಶ್ವಾಸಕೋಶ, ಚರ್ಮ, ಸ್ನಾಯು ಸೋಲುತ್ತವೆ. ಈಗಾದರೆ ಸಾಧ್ಯವಾದಷ್ಟು ಬೇಗ ಆಪರೇಷನ್ ಮಾಡಿ, ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ. ಎಂಬತ್ತು ದಾಟಿದವರನ್ನೂ. ನಾನು ಬೇರೆ ಊರಿನಲ್ಲಿ ಅದೇ ಕತ್ತು, ಅದೇ ರಕ್ತನಾಳದ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅವರು ಇಲ್ಲಿ ಮಲಗಿದ್ದರು. ಆ ಕೊರಗು ನನಗೆ ಹೋಗಿಲ್ಲ. ಅದಕ್ಕೇ ನೀನು ಕಾಲು ಎತ್ತಿಕೊಂಡೇ ಕೂತಿದ್ದೀಯ ಅಂದಾಗ ನನಗೆ ತಡೆಯಲಾಗಲಿಲ್ಲ.

ಏಕೆಂದರೆ ಭಾರ ಬೀಳದ ಮೂಳೆ ಬಡವಾಗುತ್ತೆ. 1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ಶಾಸ್ತ್ರಜ್ಞ ತೊಡೆ ಮೂಳೆಯ ತಲೆಯನ್ನು ಸೀಳಿ ಒಳಗಿನ ಜಾಲರಿ ತೋರಿಸಿದಾಗ, ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರ್ ಅದರ ಗೆರೆಗಳಲ್ಲಿ ತಾನು ಕ್ರೇನಿಗೆ ಲೆಕ್ಕ ಹಾಕುವ ಗೆರೆಗಳನ್ನೇ ಕಂಡ. ಭಾರ ಎಲ್ಲಿ ಹಾದು ಹೋಗುತ್ತೋ ಅಲ್ಲೇ ಮೂಳೆಯ ಎಳೆಗಳು. ಭಾರ ಬದಲಾದರೆ ಮೂಳೆಯೂ ಬದಲಾಗುತ್ತೆ ಅಂತ 1892ರಲ್ಲಿ ಯೂಲಿಯಸ್ ವುಲ್ಫ್ ಎಂಬ ಜರ್ಮನ್ ಶಸ್ತ್ರವೈದ್ಯ ಬರೆದ. ಗಗನಯಾತ್ರಿಗಳನ್ನು ನೋಡು. ಭಾರವೇ ಇಲ್ಲದ ಕಡೆ ಅವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟು ಅಥವಾ ಇನ್ನೂ ಜಾಸ್ತಿ ಸಾಂದ್ರತೆ ಕಳೆದುಕೊಳ್ಳುತ್ತೆ. ಆರೋಗ್ಯವಂತರ ಕಥೆಯೇ ಹೀಗೆ. ನೀನು ಕಾಲನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಅದಕ್ಕೆ ಕೆಲಸವೇ ಕೊಡುತ್ತಿಲ್ಲ.

ಉಳಿದ ಮೂಳೆಗಳೂ ಹೀಗೇ ಒಂದು ದಿನ ಕೈಕೊಡುತ್ತವಾ ಅಂತ ಬೇರೆ ಕೇಳಿದ್ದೀಯ. ಎಲ್ಲ 206ರ ಬಗ್ಗೆ ಬರೆಯಲು ಕೂರಲ್ಲ. ನೀನು ಹೆದರಿ ಕೂತಿರುವ ಈ ಹೊತ್ತಿನಲ್ಲೂ 12 ಜೊತೆ ಪಕ್ಕೆಲುಬು ಉಸಿರಿನ ಜೊತೆ ಏರಿ ಇಳಿಯುತ್ತಿವೆ. ಸೊಂಟ, ಎದೆ, ಬೆನ್ನಿನ ಮೂಳೆಗಳ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಹುಟ್ಟಿಸುತ್ತಿದೆ. ಮುರಿದ ಜಾಗಕ್ಕೆ ಹೋಗುವ ರಕ್ತವೂ ಅಲ್ಲಿಂದಲೇ. ನಿನ್ನ ಮೈ ನಿನ್ನ ಪರವಾಗಿಯೇ ಇದೆ.

ಸಲಹೆ ಕೊಡುವುದಕ್ಕೆ ನಾನು ನಿನ್ನ ಡಾಕ್ಟರಲ್ಲ, ನಿನ್ನ ಎಕ್ಸ್‌ರೇಯನ್ನೂ ಕಣ್ಣಾರೆ ನೋಡಿಲ್ಲ. ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮುಂದಿನ ಸಲ ಹೋದಾಗ ಮೊದಲ ಫಿಲ್ಮು, ಈಗಿನದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಅಂತ ಕೇಳು. ಕಣ್ಣಿಂದ ನೋಡಿದರೆ ಭಯ ಸ್ವಲ್ಪ ಇಳಿಯಬಹುದು. ಆಪರೇಷನ್ನಿನಲ್ಲಿ ಮೂಳೆಯೊಳಗೆ ಹಾಕಿದ ರಾಡಿನ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡ. ತುಂಬಾ ಜನರಲ್ಲಿ ಅದನ್ನು ಹಾಗೇ ಬಿಡುತ್ತಾರೆ. ತೆಗೆದರೂ ಸ್ಕ್ರೂ ಇದ್ದ ತೂತುಗಳು ಮೂಳೆಯಿಂದ ತುಂಬಿಕೊಳ್ಳುತ್ತವೆ. ನಡೆದ ಮೇಲೆ ಸ್ನಾಯು ಸ್ವಲ್ಪ ನೋಯೋದು ಸಹಜ. ಅದೇ ಮುರಿದ ಜಾಗದಲ್ಲಿ ಹೊಸದಾಗಿ ಚುಚ್ಚಿದಂಥ ನೋವು, ಮೀನಖಂಡದಲ್ಲಿ ಊತ, ಜ್ವರ, ಉಸಿರಾಟದ ತೊಂದರೆ ಏನಾದರೂ ಬಂದರೆ ನನಗೆ ಪತ್ರ ಬರೆಯುತ್ತಾ ಕೂರಬೇಡ, ತಕ್ಷಣ ಆಸ್ಪತ್ರೆಗೆ ಹೋಗು. ಫಿಸಿಯೋ ಹೇಳಿದ ವ್ಯಾಯಾಮ ಬಿಡಬೇಡ. ಮಂಡಿ ಬಿಗಿದುಕೊಂಡರೆ ಸಡಿಲಿಸೋದು ಕಷ್ಟ.

ಇನ್ನೊಂದು. ನೀನು ಕೋಲು ಹಿಡಿದಿರೋ ಫೋಟೋ ನಿಮ್ಮಮ್ಮ ಕಳಿಸಿದ್ದಳು. ಪೆಟ್ಟಾದ ಕಾಲಿನ ಕಡೆಗೇ ಹಿಡಿದಿದ್ದೀಯ. ಎಲ್ಲರೂ ಹಾಗೇ ಹಿಡಿಯುತ್ತಾರೆ. ಗಟ್ಟಿ ಕಾಲಿನ ಕಡೆಯ ಕೈಯಲ್ಲಿ ಹಿಡಿ. ಕೋಲು ಮತ್ತು ಪೆಟ್ಟಾದ ಕಾಲು ಒಟ್ಟಿಗೆ ಮುಂದೆ ಹೋಗಲಿ, ಆಮೇಲೆ ಗಟ್ಟಿ ಕಾಲು. ಹೀಗೆ ಹಿಡಿದರೆ ಸೊಂಟದ ಮೇಲಿನ ಎಳೆತ ಕಡಿಮೆಯಾಗುತ್ತೆ. ಮೊದಲು ಗೋಡೆಯ ಪಕ್ಕ, ಯಾರಾದರೂ ಜೊತೆಗಿದ್ದಾಗ ಶುರು ಮಾಡು. ಹಿಮ್ಮಡಿ ಮೊದಲು ಊರಲಿ.

ನಿನ್ನ ದೊಡ್ಡಮ್ಮ