ಕರಾವಳಿ ಉತ್ಸವದ ಮೊದಲ ಸಾಲು ಯಾರಿಗೆ? ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ನಮಸ್ಕಾರ.

ಮುಂದಿನ ಕರಾವಳಿ ಉತ್ಸವದ ತಯಾರಿ ಶುರುವಾಗುವ ಮೊದಲೇ ತಮ್ಮ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ವೇದಿಕೆಯ ಎದುರಿನ ಮೊದಲ ಸಾಲುಗಳನ್ನು ವಯಸ್ಸಾದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಬಿಟ್ಟುಕೊಡಿ. ಅವರನ್ನು ಮನೆಯಿಂದ ಕರೆತಂದು ವಾಪಸ್ ಬಿಡಲು ಬಸ್ಸಿನ ವ್ಯವಸ್ಥೆ ಮಾಡಿ. ಕೆಲವು ಕಾರ್ಯಕ್ರಮಗಳಾದರೂ ಸಂಜೆ ನಾಲ್ಕಕ್ಕೇ ಶುರುವಾಗಲಿ. ಮುಖ್ಯವಾಗಿ ಕೇಳುವುದು ಇಷ್ಟೇ. ಯಾಕೆ ಅಂತ ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು.

ನಾನು ಮಂಗಳೂರಿನಲ್ಲಿ ಮನೆ ಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ನರ್ಸ್. ನಾನು ಹೋಗುವ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ, ಇಲ್ಲವೇ ಒಬ್ಬರೇ ಇರುತ್ತಾರೆ. ಮಕ್ಕಳು ದುಬೈಯಲ್ಲೋ ಮಸ್ಕತ್ತಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಇಂಥ ಮನೆಗಳಲ್ಲಿ ದುಡ್ಡಿನ ತೊಂದರೆ ಜಾಸ್ತಿ ಇರುವುದಿಲ್ಲ. ಔಷಧಿ ಬಾಗಿಲಿಗೇ ಬರುತ್ತದೆ. ರಾತ್ರಿ ವಾಟ್ಸ್ಯಾಪ್‌ನಲ್ಲಿ ಮೊಮ್ಮಕ್ಕಳ ಮುಖ ಕಾಣುತ್ತದೆ. ಆದರೂ ಬಿಪಿ ನೋಡಿ ಮುಗಿದ ಮೇಲೆ ನನ್ನ ಕೈ ಬಿಡುವುದೇ ಇಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ. ಆ ಲೆಕ್ಕದ ಹಿಂದಿನ ಮುಖಗಳನ್ನು ನಾನು ದಿನಾ ನೋಡುತ್ತೇನೆ.

ಇದೇ ಜನ ಊರಿನ ದೈವಕ್ಕೆ ನಡೆಯುವ ನೇಮದ ದಿನ ಗೊತ್ತಾದ ಕೂಡಲೇ ಬೇರೆಯೇ ಆಗಿಬಿಡುತ್ತಾರೆ. ಡಾಕ್ಟರ್ ಹೇಳಿದ ವ್ಯಾಯಾಮಕ್ಕೆ ಎಷ್ಟು ಎಬ್ಬಿಸಿದರೂ ಏಳದವರು, ನೇಮಕ್ಕೆ ಹೋಗಬೇಕಲ್ಲ ಎಂದು ಅಂಗಳದಲ್ಲಿ ನಡೆದು ಅಭ್ಯಾಸ ಮಾಡುತ್ತಾರೆ. ಕಪಾಟಿನಿಂದ ಸೀರೆ ಹೊರಗೆ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಹತ್ತಿರ ಬಂದರೆ ಕ್ರೈಸ್ತರ ಮನೆಗಳಲ್ಲೂ ಇದೇ ಸಂಭ್ರಮ. ಇಗರ್ಜಿಯಿಂದ ಹೊಸ ತೆನೆ ತಂದು, ಅದರ ಕಾಳು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ ಅದು. ಬರಲಾಗದ ಮಕ್ಕಳಿಗೂ ಒಂದೆರಡು ಕಾಳು ತೆಗೆದಿಡುವ ತಾಯಂದಿರನ್ನು ಕಂಡಿದ್ದೇನೆ.

ಮಾತ್ರೆ ಬೇಡ, ಹಬ್ಬ ಸಾಕು ಎಂದು ನಾನು ಹೇಳುತ್ತಿಲ್ಲ. ಮಾತ್ರೆ ಬೇಕೇ ಬೇಕು. ಜೊತೆಗೆ ಜನವೂ ಬೇಕು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ, ಜ್ವರ ಜಾಸ್ತಿ ಇರುವ ಹೊತ್ತಿನಲ್ಲಿ, ಆಟಿ ಕಳೆಂಜ ಎಂಬ ವೇಷಧಾರಿ ತಾಳೆಗರಿಯ ಕೊಡೆ ಹಿಡಿದು ಮನೆ ಮನೆಗೆ ಬರುತ್ತಾನೆ. ಊರಿಗೆ ಬಂದ ಮಾರಿಯನ್ನು ಕಳೆಯುವುದು ಅವನ ಕೆಲಸ. ಕಾಯಿಲೆ ಬಿದ್ದ ಮಗು ಗುಣವಾದರೆ ಹುಲಿವೇಷ ಹಾಕಿಸುತ್ತೇವೆ ಎಂದು ಹರಕೆ ಹೊರುವವರು ಇಂದಿಗೂ ಇದ್ದಾರೆ. ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಆ ಹುಲಿಗಳಲ್ಲಿ ಯಾರ ಮೈಯ ಬಣ್ಣದ ಕೆಳಗೆ ಯಾವ ಮನೆಯ ನೋವು ಇದೆಯೋ ನೋಡುವವರಿಗೆ ತಿಳಿಯುವುದಿಲ್ಲ. ಉಡುಪಿಯ ಅಷ್ಟಮಿಗೆ ರವಿ ಕಟಪಾಡಿಯವರು ಮೈತುಂಬ ಭಾರದ ವೇಷ ಕಟ್ಟಿಕೊಂಡು ನಿಲ್ಲುವುದನ್ನು ತಾವೂ ನೋಡಿರಬಹುದು. ಕಟ್ಟಡ ಕೆಲಸ ಮಾಡುವ ಮನುಷ್ಯ ಅವರು. ವೇಷದಿಂದ ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದಿದ್ದಾರೆ. ಹಬ್ಬದಿಂದ ಗುಣವಾಗುವುದು ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಅವರದ್ದೇ.

ನೇಮದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹೊರಗಿನಿಂದ ಬಂದವರಿಗೆ ಅಲ್ಲಿ ಕಾಣುವುದು ದೈವದ ಬೆನ್ನ ಹಿಂದಿನ ಅಣಿ, ಕಾಲಿನ ಗಗ್ಗರ, ಬೆಂಕಿಯ ಬೆಳಕು. ನಮ್ಮವರು ಕಾಯುವುದು ಅದಕ್ಕಿಂತ ನಂತರದ ಹೊತ್ತಿಗೆ, ದೈವ ನುಡಿ ಕೊಡುವ ಹೊತ್ತಿಗೆ. ಒಬ್ಬೊಬ್ಬರೇ ಹೋಗಿ ನಿಲ್ಲುತ್ತಾರೆ. ಗಂಡ ತೀರಿಕೊಂಡದ್ದು, ಮಗ ಕುಡಿಯುವುದು, ಮಗಳಿಗೆ ಮಕ್ಕಳಾಗದ್ದು, ಗಡಿಕಲ್ಲಿನ ಜಗಳ, ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ದೈವ ಪೂರ್ತಿ ಕೇಳುತ್ತದೆ. ನಡುವೆ ಬಾಯಿ ಹಾಕುವುದಿಲ್ಲ. ಕೊನೆಗೆ ನಾನಿದ್ದೇನೆ ಎಂದು ಅಭಯ ಕೊಟ್ಟು ಗಂಧ ಕೊಡುತ್ತದೆ. ಇಡೀ ಊರಿನ ಎದುರು ಒಬ್ಬರ ಕಷ್ಟಕ್ಕೆ ಹೀಗೆ ಕಿವಿ ಸಿಗುವ ಜಾಗ ಇನ್ನೆಲ್ಲಿದೆ? ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಎದುರು ಬದುರು ನಿಲ್ಲಿಸಿ ಒಂದು ಮಾಡಿಸುವುದೂ ಅಲ್ಲೇ. ಪ್ರತಿ ಸಲವೂ ಜಗಳ ಮುಗಿಯುತ್ತದೆ ಎಂದಲ್ಲ. ಆದರೆ ಕುಟುಂಬದ ನೇಮಕ್ಕೆ ಇಬ್ಬರೂ ಬರಲೇಬೇಕು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ, ಅಲ್ವಾ?

ದೈವದ ವೇಷ ಕಟ್ಟಿ ಊರಿಗೆಲ್ಲ ಈ ಸಮಾಧಾನ ಕೊಡುವ ಪಂಬದ, ಪರವ, ನಲಿಕೆ ಸಮುದಾಯದವರನ್ನು ಮರುದಿನ ನಾವು ಎಷ್ಟು ನೆನೆಯುತ್ತೇವೆ? 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ಸರಕಾರ 2022ರಲ್ಲಿ ಘೋಷಿಸಿತು. ಅದು ಅರ್ಹರಾದ ಎಲ್ಲರ ಕೈಗೂ ತಲುಪುತ್ತಿದೆಯೇ ಎಂದು ತಾವೇ ಒಮ್ಮೆ ವಿಚಾರಿಸಬೇಕು.

ಹಬ್ಬ ಎಲ್ಲರನ್ನೂ ಒಳಗೆ ಕರೆಯುತ್ತದೆ ಎಂದು ಹೇಳುವುದು ಸುಲಭ. ಎಷ್ಟೋ ಹಬ್ಬಗಳಲ್ಲಿ ವಿಧವೆಯರು ಬಾಗಿಲ ಬದಿಯಲ್ಲೇ ನಿಂತಿರುತ್ತಾರೆ. ಗಂಡ ಹೋದ ಮೇಲೆ ಆರತಿಗೆ ಕೈ ಹಾಕಬಾರದು ಎಂದು ಹಿಂದೆ ಸರಿಯುವ ಹೆಂಗಸರಿಗೆ ನಾನೇ ಔಷಧಿ ಕೊಡುತ್ತಿದ್ದೇನೆ, ನಿದ್ದೆ ಬರುವುದಿಲ್ಲ ಎಂದು ಹೇಳುವವರಿಗೆ. ಅದಕ್ಕೇ ನಮ್ಮ ಮಂಗಳೂರಿನ ಕುದ್ರೋಳಿ ದೇವಸ್ಥಾನದ ಹೆಸರು ಕೇಳಿದರೆ ನನಗೆ ಹೆಮ್ಮೆ. ದೇವಸ್ಥಾನಗಳ ಹೊರಗೆ ನಿಲ್ಲಿಸಲಾಗಿದ್ದ ಜನರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಜಾಗ ಅದು. ಅದೇ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ಲಕ್ಷಾಂತರ ಜನ ನೋಡುವ ಮಂಗಳೂರು ದಸರಾ ನಡೆಯುವುದು ಇಲ್ಲೇ. ಬಾಗಿಲು ದೊಡ್ಡದು ಮಾಡಿದ್ದರಿಂದ ಇಲ್ಲಿನ ಹಬ್ಬ ಸಣ್ಣದಾಗಲಿಲ್ಲ.

ಬಪ್ಪನಾಡಿನ ಕತೆಯೂ ತಮಗೆ ಗೊತ್ತಿರುತ್ತದೆ. ಮೂಲ್ಕಿಯ ಆ ದುರ್ಗಾಪರಮೇಶ್ವರಿ ಗುಡಿಗೆ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಹೆಸರೇ ಅಂಟಿಕೊಂಡಿದೆ. ಜಾತ್ರೆಯಲ್ಲಿ ಆ ಮನೆತನಕ್ಕೆ ಇಂದಿಗೂ ಪ್ರಸಾದ ಸಲ್ಲುತ್ತದೆ. ಕಾರ್ಕಳದ ಅತ್ತೂರು ಜಾತ್ರೆಯಲ್ಲಿ ಸಂತ ಲಾರೆನ್ಸರ ಎದುರು ಮೇಣದ ಬತ್ತಿ ಹಚ್ಚುವ ಕೈಗಳಲ್ಲಿ ಎಲ್ಲ ಧರ್ಮದವರ ಕೈಗಳೂ ಇರುತ್ತವೆ. ಇಂಥ ಕರಾವಳಿಯಲ್ಲೇ 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಎಂಬ ಬ್ಯಾನರುಗಳು ಕಂಡವು. ನನಗೆ ಅದು ಈಗಲೂ ನೋಯುತ್ತದೆ. ಬಳೆ, ಕಡ್ಲೆ, ಐಸ್‌ಕ್ರೀಮ್ ಮಾರುವವರಿಲ್ಲದೆ ಯಾವ ಮಗುವಿಗೆ ಜಾತ್ರೆ ಜಾತ್ರೆಯಂತೆ ಕಾಣುತ್ತದೆ? ಕರಾವಳಿ ಉತ್ಸವ ನಡೆಸುವುದು ಜಿಲ್ಲಾಡಳಿತ. ಅಲ್ಲಿ ಮಳಿಗೆ ಹಂಚುವಾಗ ಯಾರ ಹೆಸರೂ ಅಡ್ಡ ಬರುವುದಿಲ್ಲ ಎಂದು ತಾವು ಬಾಯಿಬಿಟ್ಟು ಹೇಳಿದರೆ ಸಣ್ಣ ವ್ಯಾಪಾರಿಗಳ ಎದೆ ಹಗುರಾಗುತ್ತದೆ.

ಈಗ ಮತ್ತೆ ಮೊದಲ ಸಾಲಿಗೆ ಬರುತ್ತೇನೆ. ಸರಕಾರಿ ಕಾರ್ಯಕ್ರಮ ಎಂದರೆ ಮುಂದೆ ಸೋಫಾ, ಅದರ ಹಿಂದೆ ಪಾಸ್ ಇದ್ದವರ ಕುರ್ಚಿ, ಅದರ ಹಿಂದೆ ಬೇಲಿ, ಬೇಲಿಯಾಚೆ ಜನ. ಗಣ್ಯರು ದೀಪ ಹಚ್ಚಿ ಮಾತಾಡಿ ಹೊರಟ ಮೇಲೆ ಆ ಸೋಫಾಗಳು ಖಾಲಿ. ಬೇಲಿಯ ಹತ್ತಿರ ನಿಂತ ಹಿರಿಯರಿಗೆ ಮೊಣಕಾಲು ನೋವು. ಅಂಗವಿಕಲರಿಗೆ ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರ ಹಾಗೆ ಪಾಲ್ಗೊಳ್ಳುವ ಹಕ್ಕು ಇದೆ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಮರಳಿನ ಮೇಲೆ ಗಾಲಿಕುರ್ಚಿ ಓಡುವುದಿಲ್ಲ. ಕಡಲ ತೀರದ ಕಾರ್ಯಕ್ರಮಗಳಿಗೆ ಹಲಗೆ ಹಾಸಿದರೆ ಸಾಕು. ಹತ್ತಿರದಲ್ಲೇ ಸ್ವಚ್ಛವಾದ, ಒಳಗೆ ಹಿಡಿಕೆ ಇರುವ ಶೌಚಾಲಯವೂ ಬೇಕು. ಎಷ್ಟೋ ಹಿರಿಯರು ಹಬ್ಬಕ್ಕೆ ಬರದೇ ಇರುವುದು ಇದೊಂದೇ ಹೆದರಿಕೆಯಿಂದ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಮೈದಾನದಲ್ಲಿ ಒಂದು ಮಳಿಗೆಯನ್ನು ಮನಸ್ಸಿನ ಆರೋಗ್ಯಕ್ಕೆ ಕೊಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತ ಸಮಾಲೋಚಕರು ಅಲ್ಲಿ ಕೂರಲಿ. ಟೆಲಿ ಮನಸ್ ಸಹಾಯವಾಣಿಯ 14416 ನಂಬರ್ ದೊಡ್ಡ ಅಕ್ಷರದಲ್ಲಿ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಿನ ಜೊತೆಗೆ ಇರಲಿ. ಆಸ್ಪತ್ರೆಗೆ ಹೋಗಲು ನಾಚುವವರು ಚರುಮುರಿ ತಿನ್ನುತ್ತಾ ಒಂದು ಮಾತು ಕೇಳಿ ಹೋಗಬಹುದು.

ಶಬ್ದದ ವಿಷಯವನ್ನೂ ಹೇಳಲೇಬೇಕು. ಚೆಂಡೆ, ತಾಸೆ, ಡೋಲಿಗೆ ನನ್ನ ತಕರಾರಿಲ್ಲ. ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳು ಆಸ್ಪತ್ರೆಯ ಎದುರು ಹಾದುಹೋಗುವಾಗ ಒಳಗೆ ಮಲಗಿದವರ ಪಾಡು ನಾನು ಬಲ್ಲೆ. ಆಸ್ಪತ್ರೆಯ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು ಎಂದು 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಷೇಧ. ಆದರೆ ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನದ ಮಟ್ಟಿಗೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡುವ ಅವಕಾಶವನ್ನು ಅದೇ ನಿಯಮಗಳು ರಾಜ್ಯ ಸರಕಾರಕ್ಕೆ ಕೊಟ್ಟಿವೆ. ಆ ದಿನಗಳನ್ನು ಆರಿಸುವಾಗ ಹಳ್ಳಿಯ ಬಯಲಾಟ, ನೇಮ, ಉರೂಸ್, ಇಗರ್ಜಿಯ ಹಬ್ಬ ನಡೆಸುವವರನ್ನು ಕೂರಿಸಿ ಮಾತಾಡಿ ಎಂದು ತಾವು ಸರಕಾರಕ್ಕೆ ಬರೆಯಬಹುದು.

ಇನ್ನು, 2020ರ ಕೊರೊನಾ ವರ್ಷ. ದಸರಾ ಮೆರವಣಿಗೆ ಇರಲಿಲ್ಲ, ಜಾತ್ರೆಗಳು ನಿಂತಿದ್ದವು, ಸತ್ತವರ ಬೊಜ್ಜಕ್ಕೂ (ಉತ್ತರಕ್ರಿಯೆಗೂ) ನಾಲ್ಕು ಜನ ಸೇರಲಾಗಲಿಲ್ಲ. ಆಗ ಅಳಬೇಕಾದವರು ಒಟ್ಟಿಗೆ ಕೂತು ಅಳಲಿಲ್ಲ. ಆ ದುಃಖ ಎಷ್ಟೋ ಮನೆಗಳಲ್ಲಿ ಇನ್ನೂ ಹಾಗೇ ಕೂತಿದೆ. ಉತ್ಸವದ ಒಂದು ಸಂಜೆಯನ್ನು ಭಜನೆಗೆ, ತುಳು ಜನಪದ ಹಾಡಾದ ಪಾಡ್ದನಕ್ಕೆ, ಕೊಂಕಣಿ ಭಕ್ತಿಗೀತೆಗೆ, ಬ್ಯಾರಿ ದಫ್ ಹಾಡಿಗೆ ಇಟ್ಟು, ಹೋದವರ ನೆನಪಿಗೆ ಎಂದು ಹೇಳಿ ನಡೆಸಿ. ಅವತ್ತು ಭಾಷಣ ಬೇಡ. ಬಂದವರು ಹಾಡಲಿ, ಬೇಕಾದವರು ಸುಮ್ನೆ ಕೂರಲಿ.

ಕಾರ್ಯಕ್ರಮದ ಪಟ್ಟಿ ಅಚ್ಚಾದ ಮೇಲೆ ಇದನ್ನೆಲ್ಲ ಸೇರಿಸುವುದು ಕಷ್ಟ. ಆದ್ದರಿಂದ ಪೂರ್ವಭಾವಿ ಸಭೆಗೆ ಕಲಾವಿದರು, ಅಧಿಕಾರಿಗಳ ಜೊತೆಗೆ ಆಶಾ ಕಾರ್ಯಕರ್ತೆಯರನ್ನು, ಅಂಗವಿಕಲರ ಸಂಘದವರನ್ನು, ನಮ್ಮಂಥ ನರ್ಸ್‌ಗಳನ್ನು ಕೂಡ ಕರೆಯಿರಿ. ಯಾವ ವಾರ್ಡಿನಲ್ಲಿ ಎಷ್ಟು ಮನೆಗೆ ಬಸ್ ಬೇಕು, ಯಾರಿಗೆ ಗಾಲಿಕುರ್ಚಿ ಬೇಕು, ಯಾರಿಗೆ ಜೊತೆಗೊಬ್ಬರು ಬೇಕು ಎಂಬುದು ನಮಗೆ ಗೊತ್ತು. ಆ ಪಟ್ಟಿ ಮಾಡಿ ತಮ್ಮ ಕಚೇರಿಗೆ ತಂದುಕೊಡಲು ನಾವು ತಯಾರಿದ್ದೇವೆ.

ಇಂತಿ,
ಮಂಗಳೂರಿನ ಒಬ್ಬ ನರ್ಸ್