ಮೊದಲು ಅಮ್ಮನಿಗೆ ಫೋನ್ ಮಾಡು

ಪ್ರೀತಿಯ ಮಗಳೇ,

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ದಿನಾ ಬೈಬಲ್ ಓದುತ್ತೇನೆ, ಭಾನುವಾರದ ಪೂಜೆ ತಪ್ಪಿಸಿಲ್ಲ, ಆದರೂ ಅಮ್ಮ ಫೋನಿನಲ್ಲಿ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರೆ ರೇಗಿಬಿಡುತ್ತೇನೆ, ನಾನು ಎಂಥ ಕ್ರೈಸ್ತಳು ದೊಡ್ಡಮ್ಮಾ ಅಂತ ಕೇಳಿದ್ದೀಯ. ಈ ಪ್ರಶ್ನೆ ನಿನ್ನ ಮನಸ್ಸಿಗೆ ಬಂತಲ್ಲ, ನನಗೆ ಅದೇ ಸಂತೋಷ.

ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯ ನಿನಗೆ ಗೊತ್ತೇ ಇದೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ (ಅಂದರೆ ತಾಳ್ಮೆ) ಅಂತ ಶುರುಮಾಡಿ ಒಂಬತ್ತು ಗುಣಗಳನ್ನು ಹೇಳಿ, ಇವೆಲ್ಲ ಪವಿತ್ರಾತ್ಮರ ಫಲ ಅಂದರು. ಫಲ ಅಂದಮೇಲೆ ಅದಕ್ಕೆ ಟೈಮ್ ಬೇಕು. ಹೂ ಬಿಟ್ಟ ಮಾರನೇ ದಿನವೇ ಯಾರೂ ಹಣ್ಣು ಕೀಳುವುದಿಲ್ಲ. ಕೊಂಬೆ ಬಳ್ಳಿಯಲ್ಲೇ ಇರಬೇಕು ಅಂತ ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುತ್ತಾರಲ್ಲ, ನೀನು ಅಲ್ಲೇ ಇದ್ದೀಯ. ಹೆದರಬೇಡ.

ಆದರೆ ಒಂಬತ್ತನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡ. ತಾಳ್ಮೆ ಒಂದನ್ನೇ ತಗೋ. ಅದೂ ಸದ್ಯಕ್ಕೆ ಅಮ್ಮನ ಜೊತೆ, ಆ ರಾತ್ರಿಯ ಫೋನಿನ ಹೊತ್ತಿಗೆ ಮಾತ್ರ. ಫೋನ್ ಬಂದ ಕೂಡಲೇ ಎತ್ತಬೇಡ, ಎರಡು ರಿಂಗ್ ಆಗಲಿ, ಅಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿ 'ಸ್ವಾಮಿ, ನನ್ನ ಜೊತೆಗಿರಿ' ಅಂತ ಮನಸ್ಸಲ್ಲೇ ಹೇಳಿಕೋ. ನನ್ನ ಅನುಭವದಲ್ಲಿ ಅರ್ಧ ಸಿಟ್ಟು ಬರುವುದೇ ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುವುದರಿಂದ.

ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ 15ನೇ ವಯಸ್ಸಿಗೇ ಮಠ ಸೇರಿದವರು, 1897ರಲ್ಲಿ ತೀರಿಕೊಂಡಾಗ ಬರೀ 24 ವರ್ಷ. ಸಂಜೆ ಧ್ಯಾನಕ್ಕೆ ಕೂತಾಗ ಅವರ ಹಿಂದೆ ಒಬ್ಬ ಸಿಸ್ಟರ್ ಕೂರುತ್ತಿದ್ದರು. ಎರಡು ಚಿಪ್ಪುಗಳನ್ನು ಒಂದಕ್ಕೊಂದು ಉಜ್ಜಿದ ಹಾಗೆ ಸಣ್ಣಗೆ ಸದ್ದು ಮಾಡುತ್ತಲೇ ಇರುತ್ತಿದ್ದರು. ತಿರುಗಿ ಒಂದು ಸಲ ದಿಟ್ಟಿಸಿ ನೋಡಿದ್ದರೆ ಸಾಕಿತ್ತು, ಸದ್ದು ನಿಲ್ಲುತ್ತಿತ್ತು. ತೆರೇಸಾ ತಿರುಗಲಿಲ್ಲ. ತಡೆದುಕೊಂಡು ತಡೆದುಕೊಂಡು ಮೈಯೆಲ್ಲ ಬೆವರುತ್ತಿತ್ತಂತೆ. ಕೊನೆಗೆ ಆ ಸದ್ದನ್ನೇ ಸಂಗೀತ ಕಚೇರಿ ಅಂದುಕೊಂಡು, ಚೆನ್ನಾಗಿ ಕಿವಿಗೊಟ್ಟು ಕೇಳಿ, ಅದನ್ನೇ ಯೇಸುವಿಗೆ ಅರ್ಪಿಸಿದರು. ಸಂತರಿಗೇ ಬೆವರು ಬಂತು ಮಗಳೇ. ನಿನಗೆ ಕಷ್ಟವಾದರೆ ಅದರಲ್ಲಿ ನಾಚಿಕೆ ಏನಿದೆ?

ಹಾಗಂತ ಯಾರು ಏನು ಮಾಡಿದರೂ ಸುಮ್ನೆ ಸಹಿಸಿಕೊಂಡು ಕೂರು ಅಂತ ಹೇಳುತ್ತಿಲ್ಲ. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಯೇಸುವನ್ನು ಕೇಳಿದ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲೇ, ಅದಕ್ಕೆ ಸ್ವಲ್ಪ ಮುಂಚೆ, ಸಹೋದರ ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ಅವನಿಗೆ ತಿಳಿಸು ಅಂತಲೂ ಇದೆ. ಆಫೀಸಿನಲ್ಲಿ ಜೊತೆಯವರಿಂದ ನೋವಾದ ವಿಷಯ ಬರೆದಿದ್ದೀಯಲ್ಲ, ಅಲ್ಲಿ ಇದನ್ನು ಮಾಡು. ನಾಲ್ಕು ಜನರ ಮುಂದೆ ಬೇಡ.

ನನ್ನದೊಂದು ವಿಷಯ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ವಾರಗಿತ್ತಿಗೂ ನನಗೂ ಮಾತು ಬಿಟ್ಟುಹೋಗಿತ್ತು. ಒಂದು ರಾತ್ರಿ ಮೊಣಕಾಲೂರಿ ಜಪಸರ ಹಿಡಿದಿದ್ದೆ. ಪಕ್ಕದ ಅಡುಗೆಮನೆಯಲ್ಲಿ ಅವಳೊಬ್ಬಳೇ ಪಾತ್ರೆ ತೊಳೆದು ಜೋಡಿಸುವ ಸದ್ದು ಕೇಳುತ್ತಿತ್ತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಅನ್ನುವ ಸ್ವಾಮಿಯ ಮಾತು ನೆನಪಾಗಿ ಎದ್ದು ಹೋದೆ. 'ತಪ್ಪಾಯ್ತು, ಆದರೆ ನೀನೂ' ಅಂದೆ. ಅವಳ ಮುಖ ಮತ್ತೆ ಗಂಟಾಯಿತು. ಆ 'ಆದರೆ' ಕೆಡಿಸಿಬಿಟ್ಟಿತ್ತು. ಮಾರನೇ ದಿನ ಮತ್ತೆ ಹೋಗಿ ಬರೀ 'ತಪ್ಪಾಯ್ತು' ಅಂದೆ. ಅವಳು ಏನೂ ಹೇಳದೆ ಒರೆಸುವ ಬಟ್ಟೆ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಪಾತ್ರೆ ಒರೆಸಿದೆವು.

ಇನ್ನೊಂದು ಸಣ್ಣದು. ಮನೆಯಿಂದ ಹೊರಟೇ ಇರುವುದಿಲ್ಲ, 'ದಾರಿಯಲ್ಲಿದ್ದೇನೆ' ಅಂದುಬಿಡುತ್ತೇವೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಸ್ವಾಮಿ ಹೇಳಿದ್ದು ಇಂಥ ಮಾತಿಗೂ ಸೇರಿಯೇ. ಒಂದು ವಾರ 'ಇನ್ನೂ ಹೊರಟಿಲ್ಲ, ಕ್ಷಮಿಸಿ' ಅಂತ ಹೇಳಿ ನೋಡು, ಬಾಯಿಗೆ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ದಿನವನ್ನು ಹಿಂದಿರುಗಿ ನೋಡಿಕೋ. ಎಡವಿದ್ದನ್ನು ಹೇಳು, ಆದರೆ ರೇಗದೆ ಉಳಿದ ಒಂದು ಗಳಿಗೆಗೂ ಥ್ಯಾಂಕ್ಸ್ ಹೇಳು. ನೀನು ಬರೀ ತಪ್ಪುಗಳ ಲೆಕ್ಕವನ್ನೇ ಜಾಸ್ತಿ ಇಡುವವಳು, ಅದಕ್ಕೇ ಹೇಳಿದೆ.

ಈಗ ಫೋನ್ ತಗೋ. ಮೊನ್ನೆ ರೇಗಿದ್ದಕ್ಕೆ ಅಮ್ಮನ ಹತ್ತಿರ ತಪ್ಪಾಯ್ತು ಅನ್ನು, 'ಆದರೆ' ಸೇರಿಸಬೇಡ. ಅವಳು ಊಟ ಆಯ್ತಾ ಅಂತ ಮೂರು ಸಲ ಕೇಳುತ್ತಾಳೆ. ಮೂರು ಸಲವೂ ಉತ್ತರ ಕೊಡು. ಆಮೇಲೆ ನನಗೂ ಒಂದು ಸಾಲು ಬರೆ, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ