ಫುಟ್‌ಪಾತ್ ಮೇಲಿನ ಗಾಜು ಯಾವುದು ಅಂತ ಕೇಳಿ

ಸಂಪಾದಕರೇ,

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳು ಏಳುತ್ತಲೇ ಇವೆ. ಗಾಜೇ ಬೇಡ ಅನ್ನುವವನಲ್ಲ ನಾನು. ಆದರೆ ಯಾವ ಗಾಜು, ಎಲ್ಲಿ ಹಾಕುತ್ತೀರಿ ಅಂತ ಅಧಿಕಾರಿಗಳು ನಕ್ಷೆ ಮಂಜೂರು ಮಾಡುವಾಗಲೇ ಕೇಳಬೇಕು.

ಟಫನ್ಡ್ ಗಾಜು ಹಾಕಿದ್ದೇವೆ, ಭಯ ಬೇಡ ಅನ್ನುತ್ತಾರೆ ಬಿಲ್ಡರ್‌ಗಳು. 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಜೋರಾಗಿ ಗಾಳಿ ಹಾಯಿಸಿ ತಟ್ಟನೆ ಆರಿಸಿದ ಗಾಜು ಅದು. ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೆ ಚೂಪಾಗಿ ಸೀಳದೆ ಸಣ್ಣ ಹರಳಾಗುತ್ತದೆ, ನಿಜ. ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ನಿಕಲ್ ಸಲ್ಫೈಡ್ ಕಣ ಉಳಿದುಬಿಟ್ಟಿದ್ದರೆ ಅದು ವರ್ಷಗಳಾದ ಮೇಲೂ ಹಿಗ್ಗಿ, ಯಾರೂ ಮುಟ್ಟದೆಯೇ ಇಡೀ ಗಾಜು ಒಡೆಯಬಹುದು. ಆಗ ಹರಳುಗಳು ಒಂದೊಂದಾಗಿ ಉದುರುವುದಿಲ್ಲ, ಎಷ್ಟೋ ಸಲ ಹೆಂಟೆ ಹೆಂಟೆಯಾಗಿ ಬೀಳುತ್ತವೆ. ಹತ್ತನೇ ಮಹಡಿಯಿಂದ ಬಿದ್ದರೆ ಕೆಳಗೆ ಬಸ್ಸಿಗೆ ಕಾಯುವವರ ಗತಿ ಏನು?

ಕಾರ್ಖಾನೆಯಲ್ಲೇ ಗಾಜನ್ನು ಇನ್ನೊಮ್ಮೆ ಗಂಟೆಗಟ್ಟಲೆ ಕಾಯಿಸುವ ಹೀಟ್ ಸೋಕ್ ಪರೀಕ್ಷೆ ಇದೆ. ದೋಷವಿರುವ ಗಾಜು ಬಹುಪಾಲು ಅಲ್ಲೇ ಒಡೆಯುತ್ತದೆ. ಜನ ಓಡಾಡುವ ಕಡೆ ಇನ್ನೂ ಒಳ್ಳೆಯದು ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಒಡೆದರೂ ಚೂರು ಅದಕ್ಕೇ ಅಂಟಿಕೊಂಡಿರುತ್ತದೆ. ಕಾರಿನ ಮುಂದಿನ ಗಾಜಿಗೆ ಇದನ್ನೇ ಹಾಕುತ್ತಾರಲ್ಲ!

ಇಲ್ಲೊಂದು ತೊಡಕಿದೆ. ಲ್ಯಾಮಿನೇಟೆಡ್ ಗಾಜನ್ನು ಬೇಗ ಒಡೆದು ಹೊರಗೆ ಬರಲು ಆಗುವುದಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನದೇ ಕಚೇರಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಹೊಗೆ ತಾಳಲಾರದೆ ಜನ ಗಾಜು ಒಡೆದು ಜಿಗಿದರು, ಒಟ್ಟು 9 ಮಂದಿ ತೀರಿಕೊಂಡರು. ಅದಕ್ಕೇ ಪ್ರತಿ ಮಹಡಿಯಲ್ಲೂ ತೆರೆಯುವಂಥ ಕಿಟಕಿ ಇರಲೇಬೇಕು, ಅದು ಎಲ್ಲಿದೆ ಅಂತ ಒಳಗಿನವರಿಗೂ ಅಗ್ನಿಶಾಮಕದವರಿಗೂ ಗೊತ್ತಿರಬೇಕು.

ಬಿಸಿಲಿನ ಮಾತೂ ಇದೆ. ಕಚೇರಿಯಲ್ಲಿ ನಾನು ಕೂರುವುದು ಪಶ್ಚಿಮದ ಕಡೆ. ಏಪ್ರಿಲ್‌ನಲ್ಲಿ ಮೂರು ಗಂಟೆ ದಾಟಿತು ಅಂದರೆ ತಲೆ ಮೇಲೆ ಏಸಿ ಗಾಳಿ ತಣ್ಣಗೆ ಬೀಸುತ್ತಿದ್ದರೂ ಕಿಟಕಿ ಕಡೆಯ ತೋಳು ಚುರುಚುರು ಅನ್ನುತ್ತದೆ. ಬ್ಲೈಂಡ್ಸ್ ಇಳಿಸುತ್ತೇವೆ, ಕತ್ತಲಾಯಿತು ಅಂತ ಲೈಟ್ ಹಾಕುತ್ತೇವೆ. ಬೆಳಕಿಗೆ ಅಂತ ಹಾಕಿದ ಗಾಜಲ್ವಾ ಅದು? ಬಿಸಿಲಿನ ಶಾಖ ತಡೆದು ಬೆಳಕು ಬಿಡುವ ಲೋ-ಇ ಲೇಪನದ ಜೋಡಿ ಗಾಜು ಸಿಗುತ್ತದೆ. ಪಶ್ಚಿಮದಲ್ಲಿ ಗಾಜು ಕಡಿಮೆ ಮಾಡಿ, ಹೊರಗಡೆ ಸಜ್ಜಾ ಅಥವಾ ಅಡ್ಡಪಟ್ಟಿ ಕೊಟ್ಟರೆ ಇನ್ನೂ ಉತ್ತಮ.

ಅಧಿಕಾರಿಗಳೇ, ಹೊಸ ಕಟ್ಟಡಕ್ಕೆ ಓಸಿ (ಕಟ್ಟಡ ಬಳಸಲು ಕೊಡುವ ಅನುಮತಿ ಪತ್ರ) ಕೊಡುವ ಮುಂಚೆ ಹೀಟ್ ಸೋಕ್ ಪ್ರಮಾಣಪತ್ರ ಕೇಳಿ. ಈಗಾಗಲೇ ನಿಂತಿರುವ ಕಟ್ಟಡಗಳ ಮಾಲೀಕರಿಂದ ಪ್ರವೇಶದ್ವಾರದ ಮೇಲೆ, ಫುಟ್‌ಪಾತ್ ಕಡೆ ಒಂದು ಗಟ್ಟಿ ಚಾವಣಿಯನ್ನಾದರೂ ಕಟ್ಟಿಸಿ.

– ಒಬ್ಬ ಓದುಗ, ಬೆಂಗಳೂರು